ಕ್ರಿಸ್ಮಸ್‌ಗೆ ಪೇಪರ್ ಏಂಜಲ್: ಟೆಂಪ್ಲೇಟ್ ಹುಡುಕೋ ಮೊದ್ಲು ಹಾಳೆಯ ನಾರು ನೋಡಿ

ಅಪಾರ್ಟ್‌ಮೆಂಟಿನ ಕ್ರಿಸ್ಮಸ್ ಮರಕ್ಕೆ ನೂರು ಪೇಪರ್ ಏಂಜಲ್ ಬೇಕು, ಮುಖ ಚೆಂದ ಬರೋ ಟೆಂಪ್ಲೇಟ್ ಯಾವ್ದು, ಕಟಿಂಗ್ ಮಷೀನ್ ತಗೊಳ್ಲಾ ಅಂತ ಕೇಳಿದ್ದೀರಿ. ಮುಖ ಮತ್ತೆ ಕಟಿಂಗ್, ನಾನೂ ಇವೆರಡರಲ್ಲೇ ತಲೆ ಕೆಡಿಸ್ಕೊಂಡು ಒಂದು ವರ್ಷದ ಕೆಲಸ ಪೂರ್ತಿ ಕಳ್ಕೊಂಡವಳು, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಓದಿ.

ನಮ್ದು ಮಂಗಳೂರು. ನಮ್ಮ ಚರ್ಚಿನ ವಾರ್ಡಿನವ್ರು ಸೇರಿ ಪ್ರತಿ ವರ್ಷ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಮಾಡ್ತೀವಿ, ಹುಲ್ಲಿನ ಮಾಡು, ಕಲ್ಲು, ಟ್ರೇಯಲ್ಲಿ ಮೊಳಕೆ ಬರಿಸಿದ ಪೈರು, ಎಲ್ಲ ಮನೆಮನೆಯಿಂದ್ಲೇ ಬರೋದು. ಮಾಡಿನ ಮೇಲೆ ಯಾವಾಗ್ಲೂ 'ಗ್ಲೋರಿಯಾ' ಅಂತ ಪಟ್ಟಿ ಹಿಡ್ಕೊಂಡ ಒಂದೇ ಒಂದು ಏಂಜಲ್ ಇರ್ತಿತ್ತು. ನನಗೆ ಅದು ಸಾಲ್ದು ಅನ್ನಿಸ್ತಿತ್ತು. ಲೂಕನ ಸುವಾರ್ತೆ 2ನೇ ಅಧ್ಯಾಯ ಓದಿದ್ರೆ ಗೊತ್ತಾಗತ್ತೆ, ಹೊಲದಲ್ಲಿ ರಾತ್ರಿ ಕುರಿ ಕಾಯ್ತಿದ್ದವ್ರ ಹತ್ರ ಮೊದ್ಲು ಬರೋದು ಒಬ್ಬ ದೇವದೂತ, ಆಮೇಲೆ ಇದ್ದಕ್ಕಿದ್ದ ಹಾಗೆ ಸ್ವರ್ಗದ ಸೈನ್ಯದ ಒಂದು ದೊಡ್ಡ ಸಮೂಹವೇ ಅವನ ಜೊತೆ ಸೇರತ್ತೆ. ಆ ಸಮೂಹ ನಮ್ಮ ಗೋದಲಿ ಮೇಲೆ ಕಾಣ್ಬೇಕು ಅಂತ ನಾನೇ ಮುಂದೆ ಹೋಗಿ ಜವಾಬ್ದಾರಿ ತಗೊಂಡೆ.

ಮಾಡಿದ್ದೇನು ಅಂದ್ರೆ, ದಪ್ಪ ಇದ್ರೆ ಗಟ್ಟಿ ಇರತ್ತೆ ಅಂದ್ಕೊಂಡು 250 ಜಿಎಸ್‌ಎಂನ (ಅಂದ್ರೆ ಒಂದು ಚದರ ಮೀಟರ್ ಹಾಳೆಗೆ 250 ಗ್ರಾಂ ತೂಕ) ಹೊಳೆಯೋ ಬಂಗಾರದ ಬಣ್ಣದ ಶೀಟ್ ತಂದೆ. ದುಬಾರಿ ಶೀಟು, ವೇಸ್ಟ್ ಆಗ್ಬಾರ್ದು ಅಂತ ಒಂದು ಶೀಟಲ್ಲಿ ಎಷ್ಟು ಪೀಸ್ ಕೂರತ್ತೋ ಅಷ್ಟೂ ಕೂರಿಸಿದೆ, ಕೆಲವು ಉದ್ದುದ್ದ, ಕೆಲವು ಅಡ್ಡಡ್ಡ. ನನ್ನ ತಪ್ಪು ಇದೇ ನೋಡಿ, ಈ 'ಕೆಲವು ಅಡ್ಡಡ್ಡ'. ಬೀಸಣಿಗೆ ಥರ ಮಡಚಿ ಲಂಗ, ರೆಕ್ಕೆ ಮಾಡಿ ಸಂಜೆ ತನಕ ಕೂತು ಒಂದೊಂದಕ್ಕೂ ಕಣ್ಣು, ತುಟಿ ಬಿಡಿಸಿದೆ. 24ರ ಸಂಜೆ ತೂಗುಹಾಕಿದಾಗ ಎಲ್ಲರೂ ಹೊಗಳಿದ್ರು. ಬೆಳಗ್ಗೆ ಪೂಜೆಗೆ ಬಂದು ನೋಡಿದ್ರೆ ಅರ್ಧದಷ್ಟು ಏಂಜಲ್‌ಗಳ ಲಂಗ ಬಿಚ್ಚಿ ಹಾಳೆ ಚಪ್ಪಟೆ ಆಗ್ತಾ ಇತ್ತು, ರೆಕ್ಕೆ ಕೆಳಗೆ ಜೋತಿತ್ತು, ಮಡಿಕೆ ಇದ್ದ ಕಡೆಯೆಲ್ಲ ಬಂಗಾರದ ಬಣ್ಣ ಒಡೆದು ಬಿಳಿ ಗೆರೆ. ಜನ ಬರೋ ಹೊತ್ತಿಗೆ ಎಲ್ಲ ಇಳಿಸಿ ಅಂಗಡಿಯ ಪ್ಲಾಸ್ಟಿಕ್ ಏಂಜಲ್ ಹಾಕಿದ್ರು. ನನಗೆ ಎಷ್ಟು ಸಂಕಟ ಆಯ್ತು ಅಂದ್ರೆ ಆ ದಿನ ಗೋದಲಿ ಕಡೆ ಮುಖ ಹಾಕ್ಲೇ ಇಲ್ಲ.

ಸಮುದ್ರದ ಊರು, ರಾತ್ರಿ ಇಬ್ಬನಿ, ಹಾಗಾಗಿ ಹೀಗಾಯ್ತು ಅಂತ ಎಲ್ಲರೂ ಅಂದ್ರು. ಆದ್ರೆ ಅದೇ ಇಬ್ಬನಿಲಿ ಇನ್ನರ್ಧ ಏಂಜಲ್‌ಗೆ ಏನೂ ಆಗಿರ್ಲಿಲ್ವಲ್ಲ! ನಮ್ಮ ವಾರ್ಡಲ್ಲೇ ಪ್ರೆಸ್ಸಲ್ಲಿ ಬೈಂಡಿಂಗ್ ಕೆಲಸ ಮಾಡಿ ರಿಟೈರ್ ಆದ ಹಿರಿಯರೊಬ್ರು ಇದ್ರು, ಅವ್ರು ಹಾಳಾದದ್ದೊಂದು, ಸರಿ ಇದ್ದದ್ದೊಂದು ಕೈಲಿ ತಗೊಂಡು, ಎರಡನ್ನೂ ಬಿಚ್ಚಿ, ಮೆಲ್ಲಗೆ ಬಗ್ಗಿಸಿ, "ಇದು ಗ್ರೇನ್‌ಗೆ ಅಡ್ಡ ಮಡಚಿದ್ದು" ಅಂದ್ರು.

ವಿಷಯ ಏನಂದ್ರೆ, ಮಿಲ್ಲಲ್ಲಿ ಕಾಗದ ಮಾಡುವಾಗ ನೀರಲ್ಲಿ ಕಲಸಿದ ನಾರು ವೇಗವಾಗಿ ಓಡೋ ಜಾಲರಿ ಮೇಲೆ ಬೀಳತ್ತೆ, ಜಾಲರಿ ಓಡೋ ದಿಕ್ಕಿಗೇ ಹೆಚ್ಚಿನ ನಾರು ಮಲಗತ್ತೆ. ಆ ದಿಕ್ಕಿಗೆ ಗ್ರೇನ್ ಅಂತಾರೆ. ಬಿದಿರು ಉದ್ದಕ್ಕೆ ಸಲೀಸಾಗಿ ಸೀಳತ್ತೆ, ಅಡ್ಡಕ್ಕೆ ಮುರಿಯೋಕೆ ಹೋದ್ರೆ ಸಿಬಿರು ಏಳತ್ತಲ್ಲ, ಹಾಗೇ ಇದೂನೂ. ಗ್ರೇನ್ ಜೊತೆ ಮಡಚಿದ್ರೆ ಗೆರೆ ಚೂಪಾಗಿ ಕೂರತ್ತೆ. ಅಡ್ಡ ಮಡಚಿದ್ರೆ ಅಷ್ಟೂ ನಾರು ಬಗ್ಗಬೇಕು, ಕೆಲವು ಮುರಿಯತ್ತೆ, ಮೇಲಿನ ಬಣ್ಣದ ಕೋಟಿಂಗ್ ಒಡೆಯತ್ತೆ, ಉಳಿದ ನಾರು ಮತ್ತೆ ನೆಟ್ಟಗಾಗೋಕೆ ನೋಡತ್ತೆ. ಇನ್ನು ತೇವ. ನಾರು ತೇವ ಹೀರಿದಾಗ ಉದ್ದಕ್ಕಿಂತ ಅಗಲಕ್ಕೇ ಜಾಸ್ತಿ ಉಬ್ಬತ್ತೆ, ಉಬ್ಬಿ ಮೆತ್ತಗಾದ್ರೆ ಅಡ್ಡ ಮಡಿಕೆ ಮೊದ್ಲು ಬಿಚ್ಚತ್ತೆ. ಪುಸ್ತಕದ ಬೈಂಡಿಂಗಲ್ಲೂ ಹಾಳೆಯ ಗ್ರೇನ್ ಬೆನ್ನಿನ ಉದ್ದಕ್ಕೇ ಬರೋ ಹಾಗೆ ನೋಡ್ಕೊಳ್ತಾರಂತೆ, ಇಲ್ಲಾಂದ್ರೆ ಪುಸ್ತಕ ಸರಿಯಾಗಿ ತೆರೆಯಲ್ಲ. ಇಷ್ಟು ಸಣ್ಣ ವಿಷಯ ಯಾವ ವಿಡಿಯೋದಲ್ಲೂ ನನಗೆ ಕಂಡಿರ್ಲಿಲ್ಲ!

ಗೊತ್ತು ಮಾಡ್ಕೊಳ್ಳೋದು ಸುಲಭ. ಶೀಟನ್ನ ಮಡಚದೆ ಸುಮ್ನೆ ಒಂದ್ಸಲ ಉದ್ದಕ್ಕೆ, ಒಂದ್ಸಲ ಅಡ್ಡಕ್ಕೆ ಬಗ್ಗಿಸಿ ಅಂಗೈಲಿ ಒತ್ತಿ ನೋಡಿ. ಯಾವ ಕಡೆ ಕಮ್ಮಿ ತಡೆ ಇದ್ಯೋ, ಆ ಬಗ್ಗಿದ ಗೆರೆಯ ದಿಕ್ಕೇ ಗ್ರೇನ್. ಡೌಟ್ ಇದ್ರೆ ಮೂಲೆಯಿಂದ ಸಣ್ಣ ಚೌಕ ಕತ್ತರಿಸಿ ಒಂದು ಬದಿ ಒದ್ದೆ ಮಾಡಿ, ಅದು ಕೊಳವೆ ಥರ ಸುತ್ಕೊಳ್ಳತ್ತೆ, ಕೊಳವೆ ಯಾವ ದಿಕ್ಕಿಗೆ ಉದ್ದ ಇದ್ಯೋ ಅದು ಗ್ರೇನ್.

ಟೆಂಪ್ಲೇಟ್ ಬೇಡ, ಅಳತೆ ಕೊಡ್ತೀನಿ. ಎ4 ಹಾಳೆಲಿ ಸಾಮಾನ್ಯವಾಗಿ ಗ್ರೇನ್ ಉದ್ದಕ್ಕೆ ಇರತ್ತೆ, ಆದ್ರೂ ಬಗ್ಗಿಸಿ ನೋಡ್ಕೊಳ್ಳಿ. 100ರಿಂದ 120 ಜಿಎಸ್‌ಎಂ ಸಾಕು, ಎರಡೂ ಕಡೆ ಬಣ್ಣ ಇರೋದು ತಗೊಳ್ಳಿ, ಯಾಕಂದ್ರೆ ಒಳಗಿನ ಬಿಳಿ ಕಂಡ್ರೆ ಚೆಂದ ಇರಲ್ಲ. ಹಾಳೆನ ಅಡ್ಡಕ್ಕೆ ಎರಡು ಭಾಗ ಮಾಡಿ. ಒಂದೊಂದು ಭಾಗ 21 ಸೆಂ.ಮೀ. ಅಗಲ, ಸುಮಾರು 14.8 ಎತ್ತರ, ಇದು ಲಂಗ. ಎತ್ತರದ ದಿಕ್ಕಿಗೇ ಗೆರೆ ಬರೋ ಹಾಗೆ 1 ಸೆಂ.ಮೀ. ಮಡಿಕೆ ಹಾಕಿ. ಅಂಥದ್ದೇ ಬೇರೊಂದು ಅರ್ಧವನ್ನ ಇನ್ನೊಮ್ಮೆ ಅಡ್ಡ ಕತ್ತರಿಸಿದ್ರೆ 21ಕ್ಕೆ 7.4ರ ಎರಡು ಪಟ್ಟಿ, ಇದನ್ನೂ 7.4ರ ದಿಕ್ಕಿಗೇ ಗೆರೆ ಬರೋ ಹಾಗೆ ಮಡಚಿ, ಒಂದೊಂದು ಪಟ್ಟಿ ಒಂದೊಂದು ಏಂಜಲ್‌ನ ಜೋಡಿ ರೆಕ್ಕೆ. ಹೀಗೆ ಮೂರು ಹಾಳೆಲಿ ನಾಲ್ಕು ಏಂಜಲ್ ಆಗತ್ತೆ, ಒಂದು ಚೂರೂ ವೇಸ್ಟ್ ಇಲ್ಲ, ಎಲ್ಲ ಮಡಿಕೆನೂ ಗ್ರೇನ್ ಜೊತೆನೇ. ಮಡಚೋ ಮೊದ್ಲು ಇಂಕ್ ಮುಗಿದ ಬಾಲ್‌ಪೆನ್ನಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಒತ್ತಿ, ಮಡಚಿದ ಮೇಲೆ ಚಮಚದ ಬೆನ್ನಲ್ಲಿ ಉಜ್ಜಿ, ರಾತ್ರಿಯಿಡೀ ಭಾರದ ಪುಸ್ತಕದ ಕೆಳಗಿಡಿ. ಲಂಗದ ಮೇಲ್ತುದಿ ದಾರದಲ್ಲಿ ಬಿಗಿಯಾಗಿ ಕಟ್ಟಿ. ರೆಕ್ಕೆ ಪಟ್ಟಿನ ನಡುವೆ ಕಟ್ಟಿ ಬಿಡಿಸಿ ಹಿಂದಿಂದ ಅಂಟಿಸಿ. ಬಿಳಿ ಗಮ್ ಬೇಡ, ಅದರಲ್ಲಿರೋ ನೀರಿಗೆ ಹಾಳೆ ಅಲೆ ಅಲೆ ಆಗತ್ತೆ. ಡಬಲ್ ಸೈಡ್ ಟೇಪ್ ಒಳ್ಳೇದು.

ತಲೆಗೆ 18–20 ಮಿ.ಮೀ.ನ ಮರದ ಮಣಿ. ಮುಖ ಬಿಡಿಸ್ಲೇಬೇಡಿ! ಇದು ನನ್ನ ಗಟ್ಟಿ ಅಭಿಪ್ರಾಯ, ಕೋಪ ಮಾಡ್ಕೋಬೇಡಿ. ನಾನು ಅಷ್ಟು ಕಷ್ಟಪಟ್ಟು ಬಿಡಿಸಿದ ಕಣ್ಣು ಎರಡಡಿ ದೂರದಿಂದ ಯಾರಿಗೂ ಕಾಣ್ಲಿಲ್ಲ, ಹತ್ರ ಬಂದು ನೋಡಿದವ್ರಿಗೆ ಗೊಂಬೆ ಥರ ಕಾಣ್ತು. ಬೆಳಕು ಮಡಿಕೆ ಮೇಲೆ ಬಿದ್ದು ಒಂದು ಬಿಳಿ, ಒಂದು ನೆರಳು ಅಂತ ಲಂಗದ ತುದಿ ತನಕ ಇಳಿಯತ್ತಲ್ಲ, ಆವಾಗ್ಲೇ ಅದು ಏಂಜಲ್ ಅನ್ನಿಸೋದು.

ಕಟಿಂಗ್ ಮಷೀನ್‌ಗೆ ದುಡ್ಡು ಹಾಕ್ಬೇಡಿ. ಇಲ್ಲಿ ಕತ್ತರಿಸೋದು ನೆಟ್ಟಗಿನ ನಾಲ್ಕು ಗೆರೆ, ಟೈಮ್ ಹೋಗೋದೆಲ್ಲ ಮಡಚೋದ್ರಲ್ಲಿ. ಸಾಂಗಾನೇರ್, ಪಾಂಡಿಚೇರಿ ಕಡೆಯ ಹ್ಯಾಂಡ್‌ಮೇಡ್ ಪೇಪರ್ ಹಾಕಿದ್ರೆ ಹೇಗೆ ಅಂತಾನೂ ಕೇಳಿದ್ದೀರಿ. ಹತ್ತಿ ಬಟ್ಟೆ ಚೂರಿನ ಆ ಕಾಗದ ನನಗೆ ತುಂಬ ಇಷ್ಟ, ಒಂದೊಂದೇ ಹಾಳೆಯಾಗಿ ಎತ್ತೋದ್ರಿಂದ ಅದಕ್ಕೆ ಗ್ರೇನ್ ಅಷ್ಟಾಗಿ ಇರಲ್ಲ, ಆದ್ರೆ ದಪ್ಪ, ಮೆತ್ತಗೆ, 1 ಸೆಂ.ಮೀ. ಮಡಿಕೆ ಅದ್ರಲ್ಲಿ ಚೂಪಾಗಿ ಕೂರಲ್ಲ. ಮಡಚದೆ ಕತ್ತರಿಸಿ ಮಾಡೋ ದೊಡ್ಡ ರೆಕ್ಕೆಗೆ ಇಟ್ಕೊಳ್ಳಿ.

ನೂರು ಅನ್ನೋದನ್ನೂ ಬಿಡಿ ಮಾರಾಯ್ರೆ. ಮೂವತ್ತು ಮಾಡಿ, ಮೂರು ಸೈಜಲ್ಲಿ, ದೊಡ್ಡವು ಕೆಳಗೆ, ಸಣ್ಣವು ಮೇಲೆ ಬರೋ ಹಾಗೆ ತೂಗುಹಾಕಿ, ಸಮೂಹ ತಾನಾಗೇ ಕಾಣತ್ತೆ. ಉಳಿದ ಟೈಮಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಮಡಚೋದು ಕಲಿಸಿ, ಅವ್ರು ರೆಕ್ಕೆ ಪಟ್ಟಿ ಚೆನ್ನಾಗಿ ಮಾಡ್ತಾರೆ.

ತೂಗುಹಾಕುವಾಗ ದಾರನ ಮಣಿಯ ನಡುವಿಂದ ತಗೊಂಡು ರೆಕ್ಕೆಗೆ ಒಂದು ಗಂಟು ಹಾಕಿ, ರೆಕ್ಕೆಯ ಭಾರ ಹಿಂದೆ ಇರೋದ್ರಿಂದ ಗಂಟು ಇಲ್ದಿದ್ರೆ ಏಂಜಲ್ ಹಿಂದಕ್ಕೆ ವಾಲತ್ತೆ. ಕ್ಯಾಂಡಲ್ ಹತ್ರ ಖಂಡಿತ ಬೇಡ, ಬಿಸಿ ಆಗೋ ಹಳೇ ಸೀರಿಯಲ್ ಬಲ್ಬೂ ಬೇಡ, ಎಲ್‌ಇಡಿ ಮಾತ್ರ. ಹೊರಗಾದ್ರೆ ಮಾಡಿನ ಒಳಗೆ. ಜನವರಿ 6ರ ಮೂರು ರಾಯರ ಹಬ್ಬ ಆದ್ಮೇಲೆ ಇಳಿಸಿ, ಮಡಿಕೆ ಮುಚ್ಚಿ, ಕಾಗದದ ಪಟ್ಟಿ ಸುತ್ತಿಡಿ. ರಬ್ಬರ್ ಬ್ಯಾಂಡ್ ಹಾಕ್ಬೇಡಿ, ಬೇಸಿಗೆಲಿ ಕರಗಿ ಹಾಳೆಗೆ ಅಂಟ್ಕೊಳ್ಳತ್ತೆ.