ಕುಂದು ಹೇಳುವಂತಿಲ್ಲ, ಆದರೂ ಅಮ್ಮ ಕುಗ್ಗುತ್ತಿದ್ದಾರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಐವತ್ತರ ಆಸುಪಾಸಿನ ಹೆಣ್ಣುಮಗಳು. ತಾಯಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಎಂಟು ತಿಂಗಳಿಂದ ಆರೈಕೆ ಕೇಂದ್ರದಲ್ಲಿದ್ದಾರೆ. "ಬಟ್ಟೆ ಚೊಕ್ಕಟ, ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಾರೆ. ಆದ್ರೂ ಅಮ್ಮ ಮಾತೇ ಬಿಟ್ಟಿದ್ದಾರೆ. ನಾನೇ ಸುಮ್ನೆ ಅನುಮಾನ ಪಡ್ತಿದ್ದೀನಾ ಮೇಡಂ?" ಎಂದು ಕೇಳಿದರು.

ಮೊದಲು ವೈದ್ಯರಿಗೆ ತೋರಿಸಿ ಎಂದೆ. ನೋವು, ಸೋಂಕು, ಖಿನ್ನತೆ, ಕಿವಿ ಮಂದವಾಗುವುದು, ಇವೆಲ್ಲ ಮಾತು ಕಡಿಮೆ ಮಾಡುತ್ತವೆ. ಎಲ್ಲವನ್ನೂ ಮರೆವಿನ ತಲೆಗೆ ಕಟ್ಟಬಾರದು.

ಆಮೇಲೆ, ಕೇಂದ್ರದವರ ಒಪ್ಪಿಗೆ ಕೇಳಿ ಎರಡು ಗಂಟೆ ಹಜಾರದಲ್ಲಿ ಸುಮ್ಮನೆ ಕೂರಲು ಹೇಳಿದೆ. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಮತ್ತು ಜೊತೆಗಾರರು ರೂಪಿಸಿದ 'ಡಿಮೆನ್ಶಿಯಾ ಕೇರ್ ಮ್ಯಾಪಿಂಗ್' ಎಂಬ ಪದ್ಧತಿ ಇದೆ. ತರಬೇತಿ ಪಡೆದವರು ಗಂಟೆಗಟ್ಟಲೆ ಕೂತು, ಐದೈದು ನಿಮಿಷಕ್ಕೊಮ್ಮೆ ಆ ವ್ಯಕ್ತಿ ಏನು ಮಾಡುತ್ತಿದ್ದಾರೆ, ಮನಸ್ಸು ಹೇಗಿದೆ ಎಂದು ಬರೆದುಕೊಳ್ಳುತ್ತಾರೆ. ಮನಸ್ಥಿತಿಗೆ +5ರಿಂದ −5ರವರೆಗೆ ಅಂಕ. ಎಲ್ಲರೂ ಕೂರುವ ಜಾಗದಲ್ಲಿ ಮಾತ್ರ. ಮಲಗುವ ಕೋಣೆ, ಬಚ್ಚಲುಮನೆಗೆ ಕಾಲಿಡುವಂತಿಲ್ಲ. ಅಂಕ ಹಾಕುವುದು ತರಬೇತಿ ಪಡೆದವರ ಕೆಲಸ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಮಗಳ ಕೈಯಲ್ಲೂ ಆಗುತ್ತದೆ ಅಲ್ವಾ?

ಮಗಳು ಹಾಗೆ ಬರೆದು ತಂದ ಪುಸ್ತಕ ಓದಿ ನನ್ನ ಹೊಟ್ಟೆ ಕಲಸಿತು. 11:05: ಅಮ್ಮ ಕರವಸ್ತ್ರ ಮಡಿಸುತ್ತಿದ್ದಾರೆ. 11:10: ಹಿಂದಿನಿಂದ ಯಾರೋ ಗಾಲಿಕುರ್ಚಿ ಎಳೆದರು, ಒಂದು ಮಾತು ಹೇಳಲಿಲ್ಲ. ಅಮ್ಮ ಬೆಚ್ಚಿ ಕುರ್ಚಿಯ ಕೈ ಹಿಡಿದರು, ಕರವಸ್ತ್ರ ಬಿತ್ತು. 11:15, 11:20, 11:25: ಕಣ್ಣು ಮುಚ್ಚಿದ್ದಾರೆ. 11:30: ನೆಲ ಒರೆಸುವಾಕೆ ಬಗ್ಗಿ, ಮುಖ ನೋಡಿ, "ಇದು ನಿಮ್ಮದಾ ಅಜ್ಜಿ?" ಎಂದು ಕರವಸ್ತ್ರ ಕೈಗಿಟ್ಟರು. ಅಮ್ಮ ನಕ್ಕು, "ಹೂಂ, ನಂದೇ" ಎಂದರು.

ಹೊಡೆದಿಲ್ಲ, ಬೈದಿಲ್ಲ. ಆದರೆ ಹೇಳದೆ ಕೇಳದೆ ಸಾಮಾನಿನಂತೆ ಎಳೆದಾಡುವುದನ್ನು ಕಿಟ್‌ವುಡ್ ಕೂಡ ವ್ಯಕ್ತಿತ್ವಕ್ಕೆ ಪೆಟ್ಟು ಕೊಡುವ ನಡವಳಿಕೆ ಎಂದೇ ಎಣಿಸಿದ್ದರು.

ಮಗಳಿಗೆ ಸಿಟ್ಟು ಉಕ್ಕುತ್ತಿತ್ತು. ದೂರು ಬರೆಯಲು ಹೊರಟಿದ್ದರು. ಒಂದೇ ದಿನದ ನೋಟ ಸಾಲದು, ಸಂಜೆ ಹೊತ್ತೂ ಒಮ್ಮೆ ಕೂತು ನೋಡಿ ಎಂದೆ. ಸಂಜೆಯಾದರೆ ಗಲಿಬಿಲಿ ಜಾಸ್ತಿಯಾಗುವವರು ಬಹಳ ಮಂದಿ. ಮೇಲ್ವಿಚಾರಕರ ಹತ್ತಿರ ಮಾತಾಡುವಾಗ 11:30ರ ಸಾಲಿನಿಂದಲೇ ಶುರು ಮಾಡಿ. ನಿಮ್ಮಲ್ಲೇ ಒಬ್ಬರಿಗೆ ಇದು ಗೊತ್ತಿದೆ ಎಂದು ಹೇಳಿ. ಕೇಳುವುದು ಒಂದೇ: ಕುರ್ಚಿ ಸರಿಸುವ ಮೊದಲು ಎದುರಿಗೆ ಬಂದು, ಹೆಸರು ಹಿಡಿದು ಹೇಳಲಿ, ಅವರು ತಲೆಯಾಡಿಸುವವರೆಗೆ ಕಾಯಲಿ.

ಮೂರು ವಾರದ ನಂತರ ಫೋನ್ ಮಾಡಿದ್ದರು. ಬೆಳಗಿನ ಪಾಳಿಯವರು ಹಾಗೇ ಮಾಡುತ್ತಿದ್ದಾರಂತೆ. ರಾತ್ರಿ ಪಾಳಿಯವರ ಜೊತೆ ಇನ್ನೂ ಮಾತಾಡಬೇಕಿದೆ.