ಹಗೇವು ಮುಚ್ಚುವ ಮುನ್ನ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಊರಿನ ಹಿರಿಯರು, ವಯಸ್ಸು 78. ಕಲಬುರಗಿಯ ನನ್ನ ಚಿಕಿತ್ಸಾ ಕೊಠಡಿಗೆ ಕರೆತಂದವನು ಪುಣೆಯಲ್ಲಿ ನೌಕರಿಯಲ್ಲಿರುವ ಮಗ. ಮನೆ ಮಾರುವ ಮಾತೆತ್ತಿದಾಗಿನಿಂದ ತಂದೆ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿ ಎದ್ದು ಅಂಗಳದಲ್ಲಿ ಕೂರುತ್ತಾರೆ. ‘ಹಟ ಮೇಡಂ, ಬರೀ ಹಟ’ ಎಂದ. ಹಿರಿಯರ ವಿಷಯದಲ್ಲಿ ಈ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ.

ಮುತ್ಯಾ (ನಮ್ಮ ಕಡೆ ಅಜ್ಜನಿಗೆ ಹೀಗೆನ್ನುತ್ತೇವೆ) ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಕುಳಿತರು. ಶಹಾಬಾದ್ ಫರಸಿಯನ್ನು ಅಂಗೈಯಿಂದ ಸವರಿ, ‘ಇದು ನಮ್ಮ ಕಡೆಯ ಕಲ್ಲು, ತಾಯಿ. ಪುಣೆಯ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ’ ಎಂದರು.

ಮೊದಲು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆ. ಅವುಗಳ ಕೊರತೆಯೂ ಮಂಕು ಕವಿಸಬಲ್ಲದು. ಎರಡೂ ಸರಿಯಿದ್ದವು.

ಎರಡನೆಯ ಭೇಟಿಯಲ್ಲಿ, ಮನೆಯಲ್ಲಿ ಯಾವುದನ್ನು ಬಿಡಲಾಗದು ಎಂದು ಕೇಳಿದೆ. ಅಂಗಳದ ಹಗೇವು, ಅಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ, ಎಂದರು. 1948ರಲ್ಲಿ ಹೈದರಾಬಾದ್ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರಿಗೆ ಹೆದರಿ ಊರು ಬಿಟ್ಟ ರಾತ್ರಿ ಅವರ ತಾಯಿ ಇದ್ದ ಜೋಳವನ್ನೆಲ್ಲ ಅದರೊಳಗೆ ಸುರಿದು, ಬಾಯಿಗೆ ಕಲ್ಲು ಹಾಸಿ, ಮೇಲೆ ಸೆಗಣಿ ಸಾರಿಸಿ, ಹಸುಗೂಸಾಗಿದ್ದ ಇವರನ್ನು ಎತ್ತಿಕೊಂಡು ಸೊಲ್ಲಾಪುರದ ದಾರಿ ಹಿಡಿದಿದ್ದರು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆ ಮರಳಿದರೆ ಬಾಗಿಲಿರಲಿಲ್ಲ, ದನಗಳಿರಲಿಲ್ಲ; ಜೋಳ ಇತ್ತು. ಆ ವರ್ಷ ಮನೆಮಂದಿಯನ್ನು ಬದುಕಿಸಿದ್ದು ಅದೇ. ‘ನನ್ನವ್ವ ಮರಳಿ ಬಂದ ಮನೆ ಅದು.’

ಮಗ ತಲೆ ತಗ್ಗಿಸಿದ. ಅವನ ಪಾಲಿಗೆ ಅದು ಇಲಿ ಬೀಳುವ ಗುಂಡಿಯಾಗಿತ್ತು.

ಅವನ ಭಯವೂ ಸುಳ್ಳಲ್ಲ. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಹಿಂದಿನ ಗೋಡೆ ಕುಸಿದಿತ್ತು. ಮಣ್ಣಿನ ಮಾಳಿಗೆಯಡಿ ಒಬ್ಬರೇ ಮಲಗುವ ತಂದೆಯನ್ನು ನೆನೆದು ಮಳೆಗಾಲದಲ್ಲಿ ಅವನಿಗೂ ನಿದ್ದೆಯಿಲ್ಲ. ಆದರೆ ತಂದೆಗೆ ಹೇಳಿದ್ದು ‘ಒಳ್ಳೆಯ ರೇಟು ಬಂದಿದೆ’ ಎಂದು ಮಾತ್ರ.

ಮನೆಯ ಮಾತು ಬೇರೆ, ತಂದೆಯ ಸುರಕ್ಷತೆಯ ಮಾತು ಬೇರೆ ಇರಲಿ ಎಂದೆ. ಎಳ್ಳಮಾವಾಸ್ಯೆ ಕಳೆಯುವವರೆಗೆ ಮಾರಾಟದ ಸುದ್ದಿ ಬೇಡ. ಪಡಸಾಲೆಯ ಮಾಳಿಗೆಯನ್ನಷ್ಟೇ ದುರಸ್ತಿ ಮಾಡಿಸಿ, ಮುತ್ಯಾ ಅಲ್ಲಿಯೇ ಮಲಗಲಿ. ಮಳೆಗಾಲದ ನಾಲ್ಕು ತಿಂಗಳು ಪುಣೆ, ಉಳಿದಂತೆ ಊರು. ಪುಣೆಯ ಬಚ್ಚಲಿನ ಗೋಡೆಗೆ ಹಿಡಿಕೆ ಬೇಕು. ಸಂಕಟ ಹೆಚ್ಚಾದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಮುತ್ಯಾನ ಮಗಳನ್ನು ಯಾರೂ ಕೇಳಿಯೇ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೂ ಸಮಪಾಲಿದೆ; ಅವಳಿಲ್ಲದ ಮಾತುಕತೆಗೆ ನಾನು ಕೂರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಮುಂದಿನ ಭೇಟಿಗೆ ಬಂದಳು. ಹಗೇವಿನ ಕಥೆ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದರಂತೆ. ಸೆಗಣಿ ಸಾರಿಸಿದ ಮೇಲೆ, ಯಾರಿಗೂ ಅನುಮಾನ ಬಾರದಿರಲೆಂದು ಅಲ್ಲೊಂದು ರಂಗೋಲಿಯನ್ನೂ ಹಾಕಿದ್ದರಂತೆ. ಅದು ಮುತ್ಯಾನಿಗೂ ಗೊತ್ತಿರಲಿಲ್ಲ.