ಅಮ್ಮನ ವೈದ್ಯರಿಗೆ ಮೆಡಿಕೇರ್‌ನಿಂದಲೂ ಔಷಧ ಕಂಪನಿಯಿಂದಲೂ ಇಷ್ಟೊಂದು ಹಣ ಹೋಗಿದೆ. ವೈದ್ಯರನ್ನು ಬದಲಿಸಬೇಕೇ?

ಬದಲಿಸಬೇಡಿ. ನರದ ಮೂಲಕ ಹನಿಹನಿಯಾಗಿ ಔಷಧ ಕೊಡುವ ಅಮ್ಮನ ಮುಂದಿನ ಇನ್‌ಫ್ಯೂಷನ್ ಅನ್ನಂತೂ ಯಾವ ಕಾರಣಕ್ಕೂ ರದ್ದು ಮಾಡಬೇಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಸಂಧಿವಾತಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಕೊಡುವ ನಿಮ್ಮ ನ್ಯೂಜೆರ್ಸಿಯ ವೈದ್ಯರು, ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ತಾನು ವೈದ್ಯರಿಗೆ ಕೊಟ್ಟ ಹಣದ ಬಗ್ಗೆ ಪ್ರಕಟಿಸುವ ಪಟ್ಟಿಯಲ್ಲಿ, ಇನ್ನೂರು ಚಿಲ್ಲರೆ ರೋಗಿಗಳಿಗೆ ಒಂದೇ ವರ್ಷದಲ್ಲಿ ನಲವತ್ತು ಸಾವಿರ ‘ಸೇವೆ’ ಲೆಕ್ಕ ತೋರಿಸಿದ್ದಾರೆ, ಕಂಪನಿಗಳು ವೈದ್ಯರಿಗೆ ಕೊಟ್ಟ ಹಣದ ಸರ್ಕಾರಿ ಪಟ್ಟಿಯಾದ ಓಪನ್ ಪೇಮೆಂಟ್ಸ್‌ನಲ್ಲಿ ಅದೇ ಔಷಧದ ಕಂಪನಿ ಕೊಟ್ಟ ಊಟದ ಮತ್ತು ಭಾಷಣದ ಹಣವೂ ಕಾಣುತ್ತಿದೆ ಎಂದು ಬರೆದಿದ್ದೀರಿ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ನಾನೂ ರಾತ್ರಿಗಳನ್ನು ಕಳೆದಿದ್ದೇನೆ. 2017ರಲ್ಲಿ. ನನ್ನ ಅಪ್ಪನ ಬಲಗಣ್ಣು ಹೋದದ್ದು ಅದರಿಂದ.

ಅಪ್ಪ ಮೈಸೂರಿನಲ್ಲಿ ನಿವೃತ್ತರಾಗಿ, ಅಮ್ಮ ತೀರಿಕೊಂಡ ಮೇಲೆ ಗ್ರೀನ್ ಕಾರ್ಡ್ ಮೇಲೆ ನಮ್ಮ ಮನೆಗೆ ಬಂದವರು. ಐದು ವರ್ಷದ ವಾಸ ಮುಗಿದ ಮೇಲೆ ಮೆಡಿಕೇರ್‌ನ ಪಾರ್ಟ್ ಬಿ ಕೊಂಡೆವು, ಅಂದರೆ ವೈದ್ಯರ ಭೇಟಿಗೂ ಅವರ ಕ್ಲಿನಿಕ್ಕಿನಲ್ಲಿ ಕೊಡುವ ಔಷಧಕ್ಕೂ ಹಣ ಕೊಡುವ ಭಾಗ. ಇಲ್ಲಿ ದುಡಿದು ತೆರಿಗೆ ಕಟ್ಟಿದ ದಾಖಲೆ ಇಲ್ಲದವರಿಗೆ ಆಸ್ಪತ್ರೆ ವಾಸದ ಖರ್ಚು ನೋಡುವ ಪಾರ್ಟ್ ಎ ಪ್ರೀಮಿಯಂ ದುಬಾರಿ. ಅದನ್ನು ಬಿಟ್ಟೆವು. ಎರಡೂ ಭಾಗ ಕೈಯಲ್ಲಿರದಿದ್ದರೆ, ಮೆಡಿಕೇರ್ ಕೊಡದೆ ಉಳಿಸಿದ ಪಾಲನ್ನು ಕಟ್ಟುವ ಖಾಸಗಿ ಪೂರಕ ವಿಮೆ ಮೆಡಿಗ್ಯಾಪ್ ಸಿಗುವುದಿಲ್ಲ, ಹಾಗಾಗಿ ಪ್ರತಿ ಬಿಲ್ಲಿನ ಶೇಕಡ 20 ನಮ್ಮ ಕೈಯಿಂದಲೇ ಹೋಗುತ್ತಿತ್ತು. ನಿಮ್ಮ ತಾಯಿಯ ಸ್ಥಿತಿಯೂ ಇದೇ ಇರಬಹುದು ಎಂದು ನಿಮ್ಮ ಬರಹದಿಂದ ಊಹಿಸುತ್ತಿದ್ದೇನೆ.

ಅಪ್ಪನಿಗೆ ವೆಟ್ ಮ್ಯಾಕ್ಯುಲರ್ ಡಿಜನರೇಷನ್ ಎಂದಾಯಿತು. ರೆಟಿನಾದ ನಡುಭಾಗದ ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು ಸೋರುವ ಕಾಯಿಲೆ. ಕಣ್ಣಿನೊಳಗೆ ತಿಂಗಳಿಗೊಮ್ಮೆ ಚುಚ್ಚುಮದ್ದು ಕೊಟ್ಟರೆ ಸೋರಿಕೆ ಹತೋಟಿಗೆ ಬರುತ್ತದೆ, ನಿಲ್ಲಿಸಿದರೆ ಮತ್ತೆ ಶುರುವಾಗುತ್ತದೆ. ಮೊದಮೊದಲು ನಮ್ಮ ಪಾಲಿನ ಬಿಲ್ ಚಿಕ್ಕದಿತ್ತು. ಆಮೇಲೆ ಒಂದು ತಿಂಗಳಿಂದ ಅದು ಇದ್ದಕ್ಕಿದ್ದಂತೆ ನಾನೂರು ಡಾಲರ್ ದಾಟಿತು. ಔಷಧ ಬದಲಾಗಿತ್ತು: ಅವಾಸ್ಟಿನ್ ಹೋಗಿ ಲುಸೆಂಟಿಸ್ ಬಂದಿತ್ತು. ಒಂದು ಡೋಸಿಗೆ ಐವತ್ತು ಡಾಲರ್ ಸುಮಾರಿನದ್ದು ಹೋಗಿ ಎರಡು ಸಾವಿರದ ಹತ್ತಿರದ್ದು ಬಂದಿತ್ತು. 2011ರಲ್ಲಿ ಪ್ರಕಟವಾದ, ಸರ್ಕಾರಿ ಹಣದಲ್ಲೇ ನಡೆದ ದೊಡ್ಡ ಪರೀಕ್ಷೆಯಲ್ಲಿ ದೃಷ್ಟಿಯ ಮಟ್ಟಿಗೆ ಎರಡೂ ಸಮ ಎಂದು ಕಂಡುಬಂದಿತ್ತು ಎಂದು ಓದಿದೆ. ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಆ 2017ರ ಏಪ್ರಿಲ್‌ನಲ್ಲೇ ಫ್ಲಾರಿಡಾದ ಕಣ್ಣಿನ ವೈದ್ಯ ಸಾಲೊಮನ್ ಮೆಲ್ಗೆನ್ ಮೆಡಿಕೇರ್ ವಂಚನೆಯಲ್ಲಿ ಅಪರಾಧಿ ಎಂದು ತೀರ್ಪು ಬಂದಿತ್ತು. ವೈದ್ಯರಿಗೆ ಮೆಡಿಕೇರ್ ಎಷ್ಟೆಷ್ಟು ಕೊಟ್ಟಿತು ಎಂಬ ಲೆಕ್ಕ 1979ರ ಒಂದು ನ್ಯಾಯಾಲಯದ ಆದೇಶದಿಂದಾಗಿ ದಶಕಗಳ ಕಾಲ ಮುಚ್ಚಿಯೇ ಇತ್ತು. 2013ರಲ್ಲಿ ಆ ತಡೆ ತೆರವಾಗಿ, 2014ರ ಏಪ್ರಿಲ್‌ನಲ್ಲಿ 8.8 ಲಕ್ಷಕ್ಕೂ ಹೆಚ್ಚು ವೈದ್ಯರು ಮತ್ತು ಇತರ ಚಿಕಿತ್ಸಕರ 2012ರ ಲೆಕ್ಕ ಹೊರಬಂದಾಗ ಇಡೀ ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದ ಹೆಸರು ಇದೇ ಮೆಲ್ಗೆನ್ ಅವರದು, ಸುಮಾರು 2.1 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಲುಸೆಂಟಿಸ್ ಹಣ. ಕಾಯಿಲೆ ಇಲ್ಲದವರಿಗೂ ಇದೇ ವೆಟ್ ಮ್ಯಾಕ್ಯುಲರ್ ಡಿಜನರೇಷನ್ ಎಂದು ಬರೆದು ಚಿಕಿತ್ಸೆ ಕೊಟ್ಟಿದ್ದರು. ಅದನ್ನು ಓದಿದವಳಿಗೆ ಅಪ್ಪನ ವೈದ್ಯರ ಹೆಸರನ್ನು ಹುಡುಕದೆ ಇರಲಾಗಲಿಲ್ಲ.

ಹುಡುಕಿದಾಗ ಕಂಡದ್ದು ಹದಿನೈದು ಲಕ್ಷ ಡಾಲರ್‌ಗೂ ಮಿಕ್ಕಿದ ಮೊತ್ತ. ಸಾಲುಗಳನ್ನು ಬಿಡಿಸಿದರೆ ಜೆ2778 ಎಂಬ ಸಂಕೇತದ ಎದುರು ಐದು ಸಾವಿರದಷ್ಟು ಸೇವೆಗಳು, ನೂರ ನಲವತ್ತರ ಆಸುಪಾಸಿನ ರೋಗಿಗಳು. ಭಾಗಿಸಿದೆ. ತಲೆಗೆ ಮೂವತ್ತೈದು ಬಂತು. ತಿಂಗಳಿಗೊಂದು ಕೊಟ್ಟರೂ ವರ್ಷಕ್ಕೆ ಹನ್ನೆರಡು, ಎರಡೂ ಕಣ್ಣಿಗೆ ಕೊಟ್ಟರೂ ಇಪ್ಪತ್ತನಾಲ್ಕು. ಮೂವತ್ತೈದು ಹೇಗೆ ಸಾಧ್ಯ? ಇವರೂ ಮೆಲ್ಗೆನ್ ಜಾತಿಯವರೇ ಎಂದು ನಿರ್ಧರಿಸಿಬಿಟ್ಟೆ. ಮರುದಿನವೇ ಫೋನ್ ಮಾಡಿ ಅಪ್ಪನ ಅಪಾಯಿಂಟ್‌ಮೆಂಟ್ ರದ್ದು ಮಾಡಿದೆ.

ಇಲ್ಲಿ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ನಲವತ್ತು ಸಾವಿರವೂ ಇಲ್ಲೇ ಕೂತಿದೆ. ಆ ಪಟ್ಟಿಯಲ್ಲಿ ‘ಸೇವೆ’ ಎಂದರೆ ಒಂದು ಭೇಟಿಯಲ್ಲ, ಒಂದು ಚುಚ್ಚುಮದ್ದೂ ಅಲ್ಲ. ಔಷಧದ ಸಾಲಾದರೆ ಅದು ಬಿಲ್ ಮಾಡುವ ಅಳತೆ. ಜೆ2778 ಎಂದರೆ ಲುಸೆಂಟಿಸ್‌ನ 0.1 ಮಿಲಿಗ್ರಾಂ. ಅಪ್ಪನಿಗೆ ಕೊಡುತ್ತಿದ್ದ ಡೋಸ್ 0.5 ಮಿಲಿಗ್ರಾಂ. ಅಂದರೆ ಒಂದು ಚುಚ್ಚುಮದ್ದು ಪಟ್ಟಿಯಲ್ಲಿ ಐದು ಸೇವೆಯಾಗಿ ಕೂರುತ್ತದೆ. ಐದು ಸಾವಿರವನ್ನು ಐದರಿಂದ ಭಾಗಿಸಿದ್ದರೆ ಸಾವಿರ ಚುಚ್ಚುಮದ್ದು, ತಲೆಗೆ ಏಳು. ಅಷ್ಟೇ. ಕಣ್ಣಿನೊಳಗೆ ಚುಚ್ಚುವ ಕೆಲಸಕ್ಕೆ 67028 ಎಂಬ ಬೇರೆ ಸಂಕೇತವಿದೆ, ಅದು ಅದೇ ಪುಟದಲ್ಲಿ ನಾಲ್ಕು ಸಾಲು ಮೇಲೆ ಇತ್ತು. ಅದರ ಎದುರಿನ ಸಂಖ್ಯೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಅವಾಸ್ಟಿನ್ ಪಡೆದವರೂ ಅದರಲ್ಲಿ ಸೇರಿರುತ್ತಾರಲ್ಲ. ಎಲ್ಲವೂ ತಾಳೆಯಾಗುತ್ತಿತ್ತು. ನಾನು ಆ ಸಾಲನ್ನು ಓದಿದ್ದೆ. ಓದಿಯೂ ತಾಳೆ ನೋಡಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ತೀರ್ಪು ಬರೆದಾಗಿತ್ತು.

ನಿಮ್ಮದಕ್ಕೆ ಬನ್ನಿ. ಇನ್‌ಫ್ಲಿಕ್ಸಿಮ್ಯಾಬ್‌ನ ಸಂಕೇತ ಜೆ1745, ಅಳತೆ 10 ಮಿಲಿಗ್ರಾಂ. ನಿಮ್ಮ ತಾಯಿಗೆ ಒಮ್ಮೆಗೆ ಮುನ್ನೂರು ಮಿಲಿಗ್ರಾಂ ಎಂದಿದ್ದೀರಿ. ಅವರು ಒಮ್ಮೆ ಕುರ್ಚಿಯಲ್ಲಿ ಕೂತು ಎದ್ದರೆ ಮೂವತ್ತು ‘ಸೇವೆ’. ಎಲ್ಲರಿಗೂ ಅದೇ ಪ್ರಮಾಣ ಎಂದಿಟ್ಟುಕೊಂಡರೆ ನಲವತ್ತು ಸಾವಿರ ಎಂದರೆ ಸಾವಿರದ ಮುನ್ನೂರು ಚಿಲ್ಲರೆ ಇನ್‌ಫ್ಯೂಷನ್, ಇನ್ನೂರು ಜನಕ್ಕೆ ತಲಾ ಆರೇಳು. ಎಂಟು ವಾರಕ್ಕೊಮ್ಮೆ ಕೊಡುವ ಔಷಧಕ್ಕೆ ವರ್ಷಕ್ಕೆ ಆರೇಳು ಬಾರದೆ ಇನ್ನೆಷ್ಟು ಬರಬೇಕು?

ಹಣದ ಮೊತ್ತದಲ್ಲೂ ಇದೇ ತಪ್ಪು ಮಾಡಿದೆ. ಪಾರ್ಟ್ ಬಿ ಔಷಧಗಳನ್ನು ವೈದ್ಯರೇ ಮೊದಲು ಕೊಂಡು ತರುತ್ತಾರೆ, ರೋಗಿಗೆ ಕೊಟ್ಟ ಮೇಲೆ ಮೆಡಿಕೇರ್ ಆ ಔಷಧದ ಸರಾಸರಿ ಮಾರಾಟ ಬೆಲೆಗೆ ಶೇಕಡ 6 ಸೇರಿಸಿ ಕೊಡುತ್ತದೆ. ಬಜೆಟ್ ಕಡಿತ ಕಳೆದರೆ ಆ ಆರು ಸುಮಾರು 4.3ಕ್ಕೆ ಇಳಿಯುತ್ತದೆ. ಉಳಿದದ್ದು ಔಷಧ ಕಂಪನಿಗೆ ಹೋಗುವ ದುಡ್ಡು. ಚುಚ್ಚುವ ಕೆಲಸಕ್ಕೆ ಸಿಗುವುದು ನೂರು ಡಾಲರ್ ಸುತ್ತಮುತ್ತ. ಒಡವೆಯ ಪೂರ್ತಿ ಬೆಲೆಯನ್ನು ಅಕ್ಕಸಾಲಿಗನ ಕೂಲಿ ಎಂದು ಬರೆದ ಹಾಗೆ ಆ ಹದಿನೈದು ಲಕ್ಷವನ್ನು ನಾನು ವೈದ್ಯರ ಆದಾಯ ಎಂದು ಓದಿದ್ದೆ.

ಆಮೇಲೆ ‘ಶುದ್ಧ’ ವೈದ್ಯರನ್ನು ಹುಡುಕಿದೆ. ಮೆಡಿಕೇರ್ ಮೊತ್ತ ಚಿಕ್ಕದು, ಕಂಪನಿ ಹಣ ಸೊನ್ನೆ, ಹಾಗೊಬ್ಬರು ಸಿಕ್ಕರು. ಮೊತ್ತ ಏಕೆ ಚಿಕ್ಕದು ಎಂದು ತಿಳಿದದ್ದು ಅವರ ಕಾಯುವ ಕೋಣೆಯಲ್ಲಿ: ಬಂದವರಲ್ಲಿ ಹೆಚ್ಚಿನವರು ಮೆಡಿಕೇರ್ ಅಡ್ವಾಂಟೇಜ್ ಯೋಜನೆಯವರು. ಖಾಸಗಿ ವಿಮಾ ಕಂಪನಿಗಳ ಮೂಲಕ ನಡೆಯುವ ಆ ಯೋಜನೆಯ ಲೆಕ್ಕ ಈ ಪಟ್ಟಿಗೆ ಬರುವುದೇ ಇಲ್ಲ. ಇಂದು ಮೆಡಿಕೇರ್ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರಲ್ಲಿದ್ದಾರೆ. ಯಾವುದಾದರೂ ಸೇವೆಯನ್ನು ಪಡೆದ ರೋಗಿಗಳು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅವರ ಗುರುತು ಬಯಲಾಗಬಾರದೆಂದು ಆ ಸಾಲನ್ನೂ ತೆಗೆದುಹಾಕುತ್ತಾರೆ. ಚಿಕ್ಕ ಮೊತ್ತ ಪ್ರಾಮಾಣಿಕತೆಯ ಪ್ರಮಾಣಪತ್ರವಲ್ಲ.

ಹೊಸ ರೋಗಿಯಾದ್ದರಿಂದ ವಾರಗಟ್ಟಲೆ ಕಾಯಬೇಕಾಯಿತು. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹಳೆಯ ವೈದ್ಯರು ಕೊಟ್ಟಿದ್ದ ಆಮ್ಸ್ಲರ್ ಹಾಳೆ ಅಂಟಿಸಿತ್ತು: ಚೌಕಳಿ ಗೆರೆಗಳು, ನಡುವೆ ಒಂದು ಕಪ್ಪು ಚುಕ್ಕೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಆ ಚುಕ್ಕೆಯನ್ನು ನೋಡಬೇಕು, ಗೆರೆ ಸೊಟ್ಟಗಾದರೆ ತಕ್ಷಣ ಹೇಳಬೇಕು. ಅಪ್ಪ ದಿನಾ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ಗೆರೆಗಳು ಬಾಗಿದ್ದು ಅವರಿಗೆ ಗೊತ್ತಾಗಿತ್ತು. ನಡುವೆ ಬೂದು ಬಣ್ಣದ ಕಲೆ ಬಂದದ್ದೂ ಗೊತ್ತಾಗಿತ್ತು. ಹೇಳಲಿಲ್ಲ. ಕೊನೆಗೆ ಬಾಗಿಲ ಚೌಕಟ್ಟು ಮುರಿದಂತೆ ಕಾಣುತ್ತದೆ ಎಂದಾಗ ಅವರನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಓಡಿದೆ. ರೆಟಿನಾದ ಅಡಿ ರಕ್ತ ಸೋರಿ ಹೆಪ್ಪುಗಟ್ಟಿತ್ತು. ಅಲ್ಲಿ ಉಳಿದ ಗಾಯದ ಕಲೆ ವಾಸಿಯಾಗುವುದಿಲ್ಲ. ಏಕೆ ಹೇಳಲಿಲ್ಲ ಅಪ್ಪ ಎಂದರೆ, “ತಿಂಗಳಿಗೆ ನಾನೂರು ಡಾಲರ್ ನಿನಗೆ ಹೊರೆಯಾಯಿತು, ಅದಕ್ಕೇ ನಿಲ್ಲಿಸಿದೆ ಅಂದುಕೊಂಡೆ ಮಗಳೇ” ಎಂದರು.

ಹಳೆಯ ವೈದ್ಯರಿಂದ ಕಡತ ತರಿಸಿದಾಗ ಔಷಧ ಬದಲಾಯಿಸಿದ ಕಾರಣ ಅದರಲ್ಲೇ ಇತ್ತು. ಮೊದಲು ಅವಾಸ್ಟಿನ್ ಕೊಟ್ಟು ನೋಡಿದ್ದಾರೆ, ಸ್ಕ್ಯಾನ್‌ನಲ್ಲಿ ದ್ರವ ಇಂಗಿಲ್ಲ, ಅದಕ್ಕೇ ಲುಸೆಂಟಿಸ್. ರೋಗಿಗೆ ವಿವರಿಸಲಾಗಿದೆ ಎಂದೂ ಬರೆದಿತ್ತು. ವಿವರಿಸಿಯೂ ಇರುತ್ತಾರೆ, ಅಪ್ಪ ತಲೆಯಾಡಿಸಿರುತ್ತಾರೆ. ಆ ದಿನ ನಾನು ಕಾರಿನಲ್ಲಿ ಕೂತು ಕಚೇರಿಯ ಕರೆಯಲ್ಲಿದ್ದೆ.

ಕಂಪನಿ ಹಣದ ವಿಷಯ ಹಾಗಾದರೆ ಸುಳ್ಳೇ ಎಂದು ನೀವು ಕೇಳುತ್ತೀರಿ. ಸುಳ್ಳಲ್ಲ. 2010ರ ಆರೋಗ್ಯ ಕಾನೂನಿನ ಅಡಿಯಲ್ಲಿ ಬಂದ, 2014ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ತೆರೆದಿರುವ ಓಪನ್ ಪೇಮೆಂಟ್ಸ್ ಒಳ್ಳೆಯ ಕೆಲಸ ಎಂದೇ ನಾನು ನಂಬುತ್ತೇನೆ. 2016ರಲ್ಲಿ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಕಂಪನಿಯ ಖರ್ಚಿನಲ್ಲಿ ಒಂದೇ ಒಂದು ಊಟ ಮಾಡಿದ ವೈದ್ಯರು ಕೂಡ ಆ ಕಂಪನಿಯ ಬ್ರ್ಯಾಂಡ್ ಔಷಧವನ್ನು ಹೆಚ್ಚು ಬರೆಯುತ್ತಾರೆ. ಆ ಊಟಗಳ ಸರಾಸರಿ ಬೆಲೆ ಇಪ್ಪತ್ತು ಡಾಲರನ್ನೂ ಮುಟ್ಟುವುದಿಲ್ಲ. ಊಟವೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ, ಆದರೂ ಊಟ ತಾನೇ ಎಂದು ತಳ್ಳಿಹಾಕಬೇಡಿ. ಭಾಷಣದ ಹಣದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಾರವಾಗಿದೆ: ತನ್ನ ಔಷಧದ ಬಗ್ಗೆ ಇತರ ವೈದ್ಯರಿಗೆ ಮಾತನಾಡಲು ಕಂಪನಿ ವೈದ್ಯರಿಗೆ ಹಣ ಕೊಟ್ಟು ನಡೆಸುವ ಈ ಭಾಷಣ ಕೂಟಗಳ ಬಗ್ಗೆ ಸರ್ಕಾರದ ಆರೋಗ್ಯ ಇಲಾಖೆಯ ತನಿಖಾ ಕಚೇರಿಯೇ 2020ರ ನವೆಂಬರ್‌ನಲ್ಲಿ ವಿಶೇಷ ಎಚ್ಚರಿಕೆ ಹೊರಡಿಸಿದೆ. ನಿಮ್ಮ ವೈದ್ಯರು ಅದನ್ನು ಬಿಡಬೇಕು. ಆದರೆ ಸಂಶೋಧನೆಯ ಶೀರ್ಷಿಕೆಯಡಿ ಇರುವ ಹಣವನ್ನು ಇದರ ಜೊತೆ ಕೂಡಬೇಡಿ, ಅದು ಸಾಮಾನ್ಯವಾಗಿ ಸಂಸ್ಥೆಗೆ, ಪ್ರಯೋಗದ ಖರ್ಚಿಗೆ ಹೋಗುವಂಥದ್ದು.

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪದಿರುವುದು ಇಲ್ಲಿ. ಆಮಿಷ ಇರುವುದು ಕಂಪನಿಯ ಊಟದಲ್ಲಿ ಎಂದು ನೀವು ಹುಡುಕುತ್ತಿದ್ದೀರಿ. ದೊಡ್ಡ ಆಮಿಷ ಕಾನೂನಿನಲ್ಲೇ ಇದೆ. ಐವತ್ತು ಡಾಲರಿನ ಔಷಧದ ಶೇಕಡ 6 ಎಂದರೆ ಮೂರು ಡಾಲರ್, ಎರಡು ಸಾವಿರದ್ದರ ಶೇಕಡ 6 ಎಂದರೆ ನೂರ ಇಪ್ಪತ್ತು. ಇದು ಓಪನ್ ಪೇಮೆಂಟ್ಸ್‌ನ ಯಾವ ಪುಟದಲ್ಲೂ ಬರುವುದಿಲ್ಲ, ಏಕೆಂದರೆ ಕೊಡುವುದು ಕಂಪನಿಯಲ್ಲ, ಮೆಡಿಕೇರ್. ವೈದ್ಯರನ್ನು ಬದಲಿಸಿದರೆ ಇದು ಬದಲಾಗುವುದಿಲ್ಲ, ಮುಂದಿನವರಿಗೂ ಇದೇ ಲೆಕ್ಕ.

“ಬೆಂಗಳೂರಿನ ಡಾಕ್ಟರುಗಳೇ ವಾಸಿ” ಎಂದು ಬರೆದಿದ್ದೀರಿ. ಅದನ್ನೂ ಒಪ್ಪುವುದಿಲ್ಲ. ಭಾರತದಲ್ಲಿ 2024ರ ಮಾರ್ಚ್‌ನ ಔಷಧ ಮಾರಾಟ ಸಂಹಿತೆ ವೈದ್ಯರಿಗೆ ಉಡುಗೊರೆ ಕೊಡುವುದನ್ನು ನಿಷೇಧಿಸಿದೆ, ಆದರೆ ವೈದ್ಯರ ಹೆಸರು ಹಾಕಿ ಯಾರು ಎಷ್ಟು ಕೊಟ್ಟರು ಎಂದು ನೀವು ನೋಡಬಲ್ಲ ಪಟ್ಟಿ ಅಲ್ಲಿ ಇಲ್ಲ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಮುಂದಿನ ಭೇಟಿಗೆ ರಜೆ ಹಾಕಿ ಅಮ್ಮನ ಜೊತೆ ಒಳಗೆ ಹೋಗಿ. ಈ ಔಷಧವೇ ಏಕೆ, ಇದೇ ಕೆಲಸ ಮಾಡುವ, ಬೇರೆ ಕಂಪನಿ ತಯಾರಿಸಿದ ಅಗ್ಗದ ಬಯೋಸಿಮಿಲರ್ ಅಮ್ಮನಿಗೆ ಆಗುತ್ತದೆಯೇ, ಆಗದಿದ್ದರೆ ಏಕೆ ಎಂದು ಕೇಳಿ. ಈ ಕಂಪನಿಯಿಂದ ನಿಮಗೆ ಭಾಷಣದ ಹಣ ಬಂದಿರುವುದನ್ನು ನೋಡಿದೆ, ಅದರ ಬಗ್ಗೆ ಹೇಳುತ್ತೀರಾ ಎಂದೂ ನೇರವಾಗಿ ಕೇಳಿ. ವೈದ್ಯರ ಮುಖ ನೋಡಿ ಇಂಥ ಮಾತು ಕೇಳುವುದು ನಮ್ಮವರಿಗೆ ಕಷ್ಟ, ಆದರೂ ಕೇಳಿ. ಉತ್ತರ ಸಮಾಧಾನ ತರದಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಹೊಸಬರು ಅಮ್ಮನನ್ನು ನೋಡಿ ಚಿಕಿತ್ಸೆ ಕೈಗೆತ್ತಿಕೊಳ್ಳುವ ತನಕ ಹಳೆಯವರಲ್ಲಿ ಇನ್‌ಫ್ಯೂಷನ್ ನಡೆಯುತ್ತಲೇ ಇರಲಿ.

ಮೋಸ ನಡೆದಿದೆಯೇ ಎಂಬುದೇ ನಿಮ್ಮ ಆತಂಕವಾದರೆ ಅಮ್ಮನ ಹೆಸರಿಗೆ ಕಾಲಕಾಲಕ್ಕೆ ಬರುವ ಮೆಡಿಕೇರ್ ಸಮ್ಮರಿ ನೋಟಿಸ್ ತೆರೆಯಿರಿ. ಸಾರ್ವಜನಿಕ ಪಟ್ಟಿ ಎರಡು ವರ್ಷದಷ್ಟು ಹಳೆಯದು, ಅದರಲ್ಲಿ ಇರುವುದು ಎಲ್ಲ ರೋಗಿಗಳ ಒಟ್ಟು ಲೆಕ್ಕ. ನೋಟಿಸ್‌ನಲ್ಲಿ ಅಮ್ಮನಿಗೆ ಯಾವ ದಿನ ಏನು ಕೊಟ್ಟರು ಎಂಬುದು ಸಾಲು ಸಾಲಾಗಿ ಇರುತ್ತದೆ. ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಅಮ್ಮನನ್ನೇ ಕೂರಿಸಿಕೊಂಡು ತಾಳೆ ನೋಡಿ. ಹೋಗದ ದಿನಕ್ಕೆ ಬಿಲ್ ಇದ್ದರೆ ಮೊದಲು ವೈದ್ಯರ ಬಿಲ್ಲಿಂಗ್ ಕಚೇರಿಗೆ ಫೋನ್ ಮಾಡಿ, ಸರಿಯಾದ ಉತ್ತರ ಬರದಿದ್ದರೆ ಮೆಡಿಕೇರ್‌ನ ಸಹಾಯವಾಣಿಗೆ ಅಥವಾ ನಿಮ್ಮ ರಾಜ್ಯದ ಮೆಡಿಕೇರ್ ವಂಚನೆ ಪತ್ತೆಹಚ್ಚಲು ಹಿರಿಯರಿಗೆ ನೆರವಾಗುವ ಸೀನಿಯರ್ ಮೆಡಿಕೇರ್ ಪ್ಯಾಟ್ರೋಲ್‌ಗೆ ದೂರು ಕೊಡಿ. ನೋಟಿಸ್‌ನಲ್ಲಿ ಅರ್ಥವಾಗದ ಸಂಕೇತ ಇದ್ದರೆ ಅಮ್ಮನ ಹೆಸರು, ಮೆಡಿಕೇರ್ ಸಂಖ್ಯೆ ಅಳಿಸಿ ಇಲ್ಲೇ ಕೆಳಗೆ ಬರೆಯಿರಿ. ನಾನು ನೋಡಿ ಹೇಳುತ್ತೇನೆ.